ದೊಡ್ಡವರಿಗೂ ಉಂಟು ಉಚಿತ ಲಸಿಕೆ: ಯಾರಿಗೆ, ಯಾವಾಗ, ಎಲ್ಲಿ?

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಪಠ್ಯ)



ಲಸಿಕೆ ಎಂದ ಕೂಡಲೇ ನಮಗೆ ನೆನಪಾಗುವುದು ತೊಟ್ಟಿಲ ಕೂಸು, ಪೋಲಿಯೋ ಹನಿ. ದೊಡ್ಡವರಿಗೂ ಸರ್ಕಾರದ ಖರ್ಚಿನಲ್ಲಿ ಲಸಿಕೆ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ. ಕೇಳುವವರೂ ಮೊದಲು ಹೇಳುವುದು, "ನಮ್ಮದು ಬಿಪಿಎಲ್ ಕಾರ್ಡ್ ಅಲ್ಲ, ನಮಗೆಲ್ಲಿ ಕೊಡುತ್ತಾರೆ?" ಎಂದು. ಈ ತಪ್ಪು ತಿಳಿವಳಿಕೆಯಿಂದ ಹಿಂದೆ ಉಳಿದರೆ ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರಬಹುದು. ಒಂದು ಮಾತು ನೆನಪಿಡಿ: ಇಂದು ನಾನು ಹೇಳುವ ಉಚಿತ ಲಸಿಕೆಗಳಿಗೆ ಅಳತೆಗೋಲು ನಿಮ್ಮ ರೇಷನ್ ಕಾರ್ಡ್ ಅಲ್ಲ, ನಿಮಗಿರುವ ಅಪಾಯ.

1. ನಾಯಿ ಕಚ್ಚಿದವರು

ಇದನ್ನೇ ಮೊದಲು ಹೇಳುತ್ತೇನೆ. ಏಕೆಂದರೆ ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ರೋಗಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಪಡೆದರೆ ಈ ರೋಗವನ್ನು ಪೂರ್ತಿಯಾಗಿ ತಡೆಯಬಹುದು.

ನಾಯಿ, ಬೆಕ್ಕು, ಮಂಗ ಯಾವುದೇ ಕಚ್ಚಲಿ ಅಥವಾ ಪರಚಲಿ, ಮೊದಲು ಹರಿಯುವ ನೀರು ಮತ್ತು ಸೋಪಿನಿಂದ ಗಾಯವನ್ನು 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ. ನಂತರ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ, ಭದ್ರಾವತಿಯವರಿಗೆ ತಾಲ್ಲೂಕು ಸರ್ಕಾರಿ ಆಸ್ಪತ್ರೆ ಇದೆ. ಎಪಿಎಲ್, ಬಿಪಿಎಲ್ ಎಂಬ ಭೇದವಿಲ್ಲದೆ ಅಲ್ಲಿ ಈ ಲಸಿಕೆ ಉಚಿತ.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹಳೆಯ ಭಯ ಬಿಡಿ. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ಕೈಬಿಟ್ಟು ಎರಡು ದಶಕವೇ ಆಯಿತು. ಈಗ ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ, ಎರಡೂ ತೋಳುಗಳಿಗೆ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯನ್ನು ಗಾಯದ ಸುತ್ತ ಕೊಡಬೇಕಾಗುತ್ತದೆ. ಅದನ್ನು ನೀವಾಗಿಯೇ ಕೇಳಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಕ್ಕರೆ ಕಾಯಿಲೆಯವರು, ವೃದ್ಧರು ಎಲ್ಲರೂ ಈ ಲಸಿಕೆ ಪಡೆಯಬಹುದು. ಯಾವ ಪಥ್ಯವೂ ಬೇಕಿಲ್ಲ.

"ಸಾಕಿದ ನಾಯಿ, ನೋಡೋಣ" ಎಂದು ಕಾಯಬೇಡಿ. ಮೊದಲು ಲಸಿಕೆ ಆರಂಭಿಸಿ. ನಾಯಿಯನ್ನು 10 ದಿನ ಗಮನಿಸುವುದು ಆಮೇಲಿನ ಮಾತು. 28ನೇ ದಿನದ ಡೋಸನ್ನು ಮರೆಯುವವರು ಬಹಳ. ಗಾಯ ಮಾಯಿತೆಂದರೆ ಅಪಾಯ ಮುಗಿಯಿತೆಂದಲ್ಲ. ಭದ್ರಾವತಿಯಲ್ಲಿ ಆರಂಭಿಸಿದವರು ಕೆಲಸದ ಮೇಲೆ ಶಿವಮೊಗ್ಗಕ್ಕೆ ಬಂದರೆ ಚೀಟಿ ತೋರಿಸಿ ಉಳಿದ ಡೋಸನ್ನು ಇಲ್ಲೇ ಪಡೆಯಬಹುದು. ಆದ್ದರಿಂದ ಚೀಟಿ ಕಳೆಯಬೇಡಿ.

2. ಗರ್ಭಿಣಿಯರು

ಪ್ರತಿಯೊಬ್ಬ ಗರ್ಭಿಣಿಗೂ ಟಿಡಿ ಲಸಿಕೆ ಉಚಿತ. ಹಿಂದೆ ಟಿಟಿ ಎನ್ನುತ್ತಿದ್ದರು. ಈಗ ಧನುರ್ವಾಯುವಿನ ಜೊತೆ ಗಂಟಲಮಾರಿಗೂ ರಕ್ಷಣೆ ಕೊಡುವ ಟಿಡಿ ಬಂದಿದೆ. ಗರ್ಭಿಣಿ ಎಂದು ತಿಳಿದ ಕೂಡಲೇ ಒಂದು, ನಾಲ್ಕು ವಾರದ ನಂತರ ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಡೋಸ್ ಆಗಿ ಮೂರು ವರ್ಷದೊಳಗೆ ಮತ್ತೆ ಗರ್ಭಿಣಿಯಾದರೆ ಒಂದು ಬೂಸ್ಟರ್ ಸಾಕು. ಖಾಸಗಿ ವೈದ್ಯರ ಬಳಿ ತೋರಿಸಿಕೊಳ್ಳುವವರಿಗೂ ಇದರ ಹಕ್ಕಿದೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಗಳು ತಾಯಿ ಕಾರ್ಡ್ ತಂದರೆ ತವರಿನ ಆಶಾ ಕಾರ್ಯಕರ್ತೆಯೇ ದಾರಿ ತೋರಿಸುತ್ತಾರೆ. ಇಂಥ ಲಸಿಕೆಯ ಫಲವಾಗಿಯೇ 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು.

3. ಕಾಡಂಚಿನವರು

ನಮ್ಮ ಜಿಲ್ಲೆಯವರು ತಿಳಿದಿರಬೇಕಾದ ಒಂದು ವಿಷಯವುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ರೋಗವೇ ಮಂಗನ ಕಾಯಿಲೆ. ಇದು ಮಂಗ ಕಚ್ಚಿ ಬರುವುದಲ್ಲ, ಉಣುಗು ಕಚ್ಚಿ ಬರುವುದು. ರೋಗ ಕಂಡ ಊರುಗಳ ಸುತ್ತಲಿನ ದೊಡ್ಡವರಿಗೂ ಮಕ್ಕಳಿಗೂ ಸರ್ಕಾರ ವರ್ಷಗಟ್ಟಲೆ ಉಚಿತ ಲಸಿಕೆ ಕೊಟ್ಟಿತು. 2005ರಿಂದ 2010ರವರೆಗಿನ ಮಾಹಿತಿಯ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸುಮಾರು ಶೇ 62, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು ಶೇ 83 ರಕ್ಷಣೆ ಕಂಡುಬಂತು. ಲಸಿಕೆಯ ಶಕ್ತಿ ಸಾಲದೆಂದು ತಿಳಿದುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆ ತಯಾರಿಸುವ ಕೆಲಸವನ್ನು ಐಸಿಎಂಆರ್ ಕೈಗೆತ್ತಿಕೊಂಡಿದೆ.

ಆದ್ದರಿಂದ, "ಹಿಂದೆ ಚುಚ್ಚಿಸಿಕೊಂಡಿದ್ದೇನೆ, ನನಗೇನೂ ಆಗದು" ಎಂಬ ಧೈರ್ಯ ಬೇಡ. ಸೌದೆ, ದರಗು ತರಲು ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮೈತುಂಬ ಬಟ್ಟೆ ಧರಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.

4. ಕೆಲಸ ಮತ್ತು ಯಾತ್ರೆ

ರಕ್ತ, ಸೂಜಿಗಳ ನಡುವೆ ದುಡಿಯುವ ಆರೋಗ್ಯ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಕೊಡುತ್ತಾರೆ. ಹಜ್ ಯಾತ್ರೆಗೆ ಹೊರಡುವವರಿಗೆ ಸರ್ಕಾರವೇ ಮಿದುಳುಪೊರೆ ಉರಿಯೂತದ ಲಸಿಕೆ ಹಾಕಿಸುತ್ತದೆ.

ಯಾವುದು ಉಚಿತವಲ್ಲ?

ಫ್ಲೂ, ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆಗಳು ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರಿಗೆ ಉಪಯುಕ್ತವೇ. ಆದರೆ ವಯಸ್ಕರಿಗೆ ಇವು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲಿಲ್ಲ. ಯಾವುದು ನಿಜಕ್ಕೂ ಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು ಎಂದು ವೈದ್ಯರನ್ನು ಕೇಳಿ, ಬೆಲೆ ತಿಳಿದು, ನಂತರ ತೀರ್ಮಾನಿಸಿ. ಸಾಲ ಮಾಡಿ ಚುಚ್ಚಿಸಿಕೊಳ್ಳಬೇಕಿಲ್ಲ.

ಉಚಿತ ಅವಕಾಶಕ್ಕೆ ಅವಧಿಯೂ ಇರುತ್ತದೆ. ಕೋವಿಡ್ ಲಸಿಕೆ 2021ರ ಜೂನ್ 21ರಿಂದ ಸರ್ಕಾರಿ ಕೇಂದ್ರಗಳಲ್ಲಿ 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಉಚಿತವಾಯಿತು. ಆದರೆ 2022ರ ಜುಲೈ 15ರಿಂದ ಎಲ್ಲ ವಯಸ್ಕರಿಗೂ ಉಚಿತವಾಗಿ ಕೊಟ್ಟ ಮುನ್ನೆಚ್ಚರಿಕೆ ಡೋಸಿಗೆ ಇದ್ದದ್ದು 75 ದಿನ ಮಾತ್ರ. ಆದ್ದರಿಂದ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ, "ಈಗ ಯಾವ ಲಸಿಕೆ ನಡೆಯುತ್ತಿದೆ?" ಎಂದು ಕೇಳುವ ರೂಢಿ ಇಟ್ಟುಕೊಳ್ಳಿ.

ಕೊನೆಯದಾಗಿ, ಉಚಿತ ಲಸಿಕೆ ದಾನವಲ್ಲ, ನಿಮ್ಮದೇ ತೆರಿಗೆಯ ಹಣ. ಕೇಳಲು ಸಂಕೋಚ ಬೇಡ. ಒಂದು ಕಡೆ ದಾಸ್ತಾನು ಇಲ್ಲವೆಂದರೆ ಎಲ್ಲಿದೆ ಎಂದು ಕೇಳಿ ಅಲ್ಲಿಗೆ ಹೋಗಿ, ಮನೆಗೆ ಮರಳಬೇಡಿ. ಈ ಕರಪತ್ರವನ್ನು ಓದಿ ಬಿಸಾಡದೆ ಪಕ್ಕದ ಮನೆಯವರಿಗೂ ಕೊಡಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.