ತೋಟದ ಮನೆಯ ದಿನಬಾಡಿಗೆ: ದಿನದ ಲೆಕ್ಕ ಬರೆದಿಡಿ



ಸಿಂಧಘಟ್ಟದ ರೈತನೊಬ್ಬನಿಗೆ ತೋಟದ ಮನೆ ಇದೆಯೆಂದು ಭಾವಿಸಿ. ಸುಗ್ಗಿಯಲ್ಲಿ ಅಲ್ಲಿ ರಾಗಿ ಮೂಟೆ ಇರುತ್ತದೆ. ಮೇಲುಕೋಟೆಯ ವೈರಮುಡಿಗೆ, ಹೊಸಹೊಳಲಿನ ದೇಗುಲಕ್ಕೆ ಬಂದವರಿಗೆ ಅದೇ ಮನೆ ಎರಡು ಮೂರು ದಿನ ಬಾಡಿಗೆಗೆ ಹೋಗುತ್ತದೆ.

ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ವಾಸಕ್ಕೆ ಕೊಟ್ಟ ಕಟ್ಟಡದ ಬಾಡಿಗೆ, ಕಟ್ಟಡ ಹೊಲದಲ್ಲೇ ಇದ್ದರೂ, ಬೇಸಾಯದ ಆದಾಯವಲ್ಲ. ಊಟೋಪಚಾರ ಸಹಿತ ಇದನ್ನು ವ್ಯವಹಾರವಾಗಿ ನಡೆಸುವವರು ಮನೆಯ ಖರ್ಚನ್ನು ನ್ಯಾಯವಾಗಿ ಪಾಲು ಮಾಡಬೇಕು. ಇದಕ್ಕೆ ದಿನಗಳ ಲೆಕ್ಕವೇ ಒಳ್ಳೆಯ ಆಧಾರ.

ಉದಾಹರಣೆಗೆ, 365 ದಿನಗಳಲ್ಲಿ 73 ದಿನ ಬಾಡಿಗೆಗೆ ಹೋದರೆ ಅದು ಐದರಲ್ಲಿ ಒಂದು ಪಾಲು. ಸುಣ್ಣಬಣ್ಣ, ರಿಪೇರಿಗೆ 20,000 ರೂ. ಆಗಿದ್ದರೆ ಬಾಡಿಗೆಯ ಪಾಲಿಗೆ 4,000 ರೂ. ಬರುತ್ತದೆ. ಬಂದವರಿಗೆಂದೇ ಮಾಡಿದ ಖರ್ಚು ಪೂರ್ತಿ ಸೇರುತ್ತದೆ.

ಪುಸ್ತಕದಲ್ಲಿ ಇವಿಷ್ಟು ಇರಲಿ:

1. ಬಂದ ದಿನ, ಹೋದ ದಿನ, ಪಡೆದ ಬಾಡಿಗೆ, ರಸೀದಿ ಸಂಖ್ಯೆ.

2. ಮನೆಯವರು ತಂಗಿದ ದಿನ, ಬೇಸಾಯಕ್ಕೆ ಬಳಸಿದ ದಿನ, ಖಾಲಿ ಇದ್ದ ದಿನ.

3. ಬಾಡಿಗೆಗೆಂದು ಕೊಂಡ ಮಂಚ, ಕುರ್ಚಿಗಳನ್ನು ಬಳಕೆಗೆ ತಂದ ದಿನ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ ಮಾತ್ರ ಸಿಗುತ್ತದೆ.

ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ವೈರಮುಡಿ ಒಂದು ವರ್ಷ ಮಾರ್ಚಿನಲ್ಲಿ, ಇನ್ನೊಂದು ವರ್ಷ ಏಪ್ರಿಲಿನಲ್ಲಿ ಬರುವುದುಂಟು. ಆದ್ದರಿಂದ "ಜಾತ್ರೆಯ ಬಾಡಿಗೆ" ಎಂದಷ್ಟೇ ಬರೆದರೆ ಸಾಲದು, ತಾರೀಖೂ ಬೇಕು.

ವರ್ಷದ ಕೊನೆಗೆ ನೆನಪಿನಿಂದ ಬರೆದ ಲೆಕ್ಕ ನಿಲ್ಲುವುದು ಕಷ್ಟ. ಬಂದವರು ಹೊರಟ ಸಂಜೆಯೇ ಬರೆದಿಡುವುದು ಲೇಸು.