ರೇಡಿಯೊ ಮುಂದೆ ಕೂತವರು



1956ರಲ್ಲಿ, ಅಂದಿನ ಮುಂಬಯಿ ರಾಜ್ಯದಲ್ಲಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಪುಣೆ ಆಕಾಶವಾಣಿ ರೈತರಿಗಾಗಿ ವಾರಕ್ಕೆರಡು ಸಲ, ಅರ್ಧರ್ಧ ಗಂಟೆ, ಮರಾಠಿಯಲ್ಲಿ ಒಟ್ಟು 20 ಕಾರ್ಯಕ್ರಮ ಬಿತ್ತರಿಸಿತು. ಇಷ್ಟೇ ಆಗಿದ್ದರೆ ಇವತ್ತು ನೆನೆಯುವ ಅಗತ್ಯವಿರಲಿಲ್ಲ. ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಒಂದೊಂದು ಕೇಳುಗರ ಕೂಟ, ಕೂಟಕ್ಕೆ ಸುಮಾರು 20 ಜನ. ಕಾರ್ಯಕ್ರಮ ಮುಗಿದ ಮೇಲೆ ರೇಡಿಯೊ ಆರಿಸುವುದು, ಆಮೇಲೆ ಮಾತಿಗೆ ಕೂರುವುದು. ಹೇಳಿದ್ದು ನಮ್ಮ ಹೊಲಕ್ಕೆ ಹೊಂದುತ್ತದೆಯೇ, ದುಡ್ಡೆಲ್ಲಿಂದ ತರೋಣ ಎಂಬ ಚರ್ಚೆ. ಬಗೆಹರಿಯದ ಪ್ರಶ್ನೆಗಳು ಅಂಚೆಯಲ್ಲಿ ಪುಣೆಗೆ ಹೋಗುತ್ತಿದ್ದವು; ಉತ್ತರ ರೇಡಿಯೊದಲ್ಲೇ ಬರುತ್ತಿತ್ತು.

ಫಲಿತಾಂಶ ಅಳೆದವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು. ಮುಂದಾಳು ಪಾಲ್ ನ್ಯೂರಾತ್. ರೇಡಿಯೊ ಇದ್ದೂ ಕೂಟವಿಲ್ಲದ ಹಳ್ಳಿಗಳನ್ನೂ ಅವರು ಹೋಲಿಕೆಗೆ ತೆಗೆದುಕೊಂಡಿದ್ದರು. ಕೂಟವಿದ್ದ ಊರುಗಳಲ್ಲಿ ತಿಳಿವಳಿಕೆ ಎದ್ದು ಕಾಣುವಷ್ಟು ಹೆಚ್ಚಿತು. ಬರೀ ರೇಡಿಯೊ ಇದ್ದಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಕೇಳಿದ ದನಿ ಒಂದೇ, ಕೇಳಿದ ರೀತಿ ಬೇರೆ.

ಆದರೆ ಅದು ತಲೆ ಎಣಿಸುವ ಕಾಲ. ನೂರು ಜನರಿಗೆ 10 ಪತ್ರಿಕೆ, 5 ರೇಡಿಯೊ, 2 ಸಿನಿಮಾ ಸೀಟು ಇರಬೇಕೆಂದು ಯುನೆಸ್ಕೊ ಕನಿಷ್ಠ ಲೆಕ್ಕ ಕೊಟ್ಟಿತ್ತು. ಡೇನಿಯಲ್ ಲರ್ನರ್, ವಿಲ್ಬರ್ ಶ್ರಾಮ್ ಅವರಂಥ ವಿದ್ವಾಂಸರು ಸಮೂಹ ಮಾಧ್ಯಮ ಹರಡಿದರೆ ಅಭಿವೃದ್ಧಿಗೆ ವೇಗ ಸಿಗುತ್ತದೆ ಎಂದು ನಂಬಿದ್ದರು. 1959ರ ನಂತರ ಕೂಟಗಳು ದೇಶದ ತುಂಬ ಹಬ್ಬಿ ಸಾವಿರಗಟ್ಟಲೆಯಾದವು, ಕಡೆಗೆ ಸೊರಗಿದವು. ಕೂಟಗಳನ್ನು ಹೆಚ್ಚಿಸುವುದು ಸುಲಭ. ಪ್ರತಿ ಊರಿನ ಕಾಗದ ಓದಿ ಉತ್ತರಿಸುವುದು ಕಷ್ಟದ, ಹೆಸರು ಬಾರದ ಕೆಲಸ.

1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳಿಗೆ, ಕನ್ನಡದಲ್ಲೇ. ಕೋಳಿಗೂಡಿನ ತಂತಿಜಾಲರಿಯಿಂದ ಮಾಡಿದ ಆಂಟೆನಾ ಆಕಾಶದಿಂದ ಚಿತ್ರ ಇಳಿಸಿಕೊಟ್ಟದ್ದು ಇಂದಿಗೂ ಬೆರಗೇ. ಆದರೆ ಊರವರ ಪ್ರಶ್ನೆ ಅದೇ ದಾರಿಯಲ್ಲಿ ಮೇಲೇರುವಂತಿರಲಿಲ್ಲ. ವರ್ಷ ತುಂಬಿತು, ಉಪಗ್ರಹ ಹಿಂದಿರುಗಿತು.

(ನಾನೂ ಈಗ ಒಬ್ಬನೇ ಮಾತಾಡುತ್ತಿದ್ದೇನೆ, ನೀವು ತಡೆದು ಕೇಳುವಂತಿಲ್ಲ. ಒಪ್ಪಿದೆ.)

ಊರಿನವರೇ ಮಾತಾಡುವ ದಾರಿಯನ್ನು ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಹುಡುಕಿತು. ಆಗ ಸಮುದಾಯಗಳಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಬಾನತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಬಾಗಿಲು ತೆರೆದಿರಲಿಲ್ಲ. ಹಾಗಾಗಿ ಅವರು ಕೇಬಲ್ ತಂತಿಯಲ್ಲೇ ದನಿ ಕಳಿಸಿದರು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಸರ್ಕಾರ ಅವಕಾಶ ಕೊಟ್ಟಿತು. ಒಂದು ಷರತ್ತಿನೊಂದಿಗೆ: ಸುದ್ದಿ, ಪ್ರಚಲಿತ ವಿದ್ಯಮಾನ ಬಿತ್ತರಿಸಕೂಡದು. ಊರಿನ ನಲ್ಲಿ ಒಣಗಿದೆ ಎಂಬುದು ಮಾಹಿತಿಯೋ ಸುದ್ದಿಯೋ, ಮೈಕಿನ ಮುಂದೆ ಕೂತ ಹೆಂಗಸೇ ತೀರ್ಮಾನಿಸಬೇಕಾಯಿತು.