ಗೆಳೆಯನೇ ಕದ್ದಾಗ

ನರಿಮೊಗರಿನ ನಿಮ್ಮ ಮನೆಗೆ ಹಳೆಯ ಗೆಳೆಯನೊಬ್ಬ ಬಂದು, ಅಡಿಕೆಯ ಧಾರಣೆ ಮಾತಾಡುತ್ತ ರಾತ್ರಿ ಉಳಿದು, ಬೆಳಗಿನ ಬಸ್ಸಿಗೆ ಹೊರಟನೆನ್ನಿ. ಆಮೇಲೆ ನೋಡಿದರೆ ಕಪಾಟಿನಲ್ಲಿದ್ದ ಚಿನ್ನದ ಸರವಿಲ್ಲ. ಪೋಲೀಸರಲ್ಲಿಗೆ ಹೋಗುವುದೆ, ಸ್ನೇಹವೆಂದು ಸುಮ್ಮನಿರುವುದೆ?

ಸ್ನೇಹಕ್ಕೆ ಕಾನೂನಿನಲ್ಲಿ ರಿಯಾಯಿತಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ವಿಧಿಯಂತೆ ಸಾಮಾನ್ಯ ಕಳವಿಗೆ 3 ವರ್ಷದವರೆಗೆ ಸಜೆ. ವಾಸದ ಮನೆಯೊಳಗಿನ ಕಳವಿಗೆ 305ನೆಯ ವಿಧಿಯಂತೆ 7 ವರ್ಷದವರೆಗೆ. ನೀವೇ ನಂಬಿ ಇಡಲು ಕೊಟ್ಟ ಸರವನ್ನು ಅವನು ಮಾರಿಕೊಂಡರೆ ಅದು ಕಳವಲ್ಲ, ನಂಬಿಕೆದ್ರೋಹ.

ಈ ಭೇದ ವಕೀಲರಿಗೆ ಮಾತ್ರ ಬೇಕಾದದ್ದಲ್ಲ. ಸಾಮಾನ್ಯ ಕಳವನ್ನು ಒಡೆಯನು ರಾಜಿ ಮಾಡಿಕೊಳ್ಳಬಹುದು. ಮನೆಯೊಳಗಿನ ಕಳವಿಗೆ ಆ ಅವಕಾಶವಿಲ್ಲ. ಸರ ಮರಳಿತು, ಅವನ ತಾಯಿ ಬಂದು ಅತ್ತರು, ಇನ್ನು ಬಿಟ್ಟುಬಿಡೋಣವೆಂದು ನೀವು ಪುತ್ತೂರಿನ ನ್ಯಾಯಾಲಯದಲ್ಲಿ ಹೇಳಿದರೂ ಮೊಕದ್ದಮೆ ಅಷ್ಟಕ್ಕೇ ಮುಗಿಯದು. ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಆದ್ದರಿಂದ ಗೆಳೆಯನನ್ನು ಕೇಳುವುದಿದ್ದರೆ ದೂರಿಗೆ ಮೊದಲೇ ಕೇಳಿ. ಆದರೆ ಕೊಟ್ಟರೆ ಮುಚ್ಚಿಡುತ್ತೇನೆಂಬ ಕರಾರು ಬೇಡ, ಅದೂ ಅಪರಾಧವಾದೀತು. ಬಹಳ ದಿನ ಕಾಯಲೂ ಬೇಡಿ. ಕರಗಿದ ಚಿನ್ನಕ್ಕೆ ಗುರುತಿಲ್ಲ. ದೂರಿನಲ್ಲಿ ಸರದ ತೂಕ, ಗುರುತು ಬರೆದು, ಕೊಂಡ ರಶೀದಿ ಇದ್ದರೆ ಲಗತ್ತಿಸಿ. ಠಾಣೆಯವರು ದಾಖಲಿಸದಿದ್ದರೆ ಜಿಲ್ಲೆಯ ಪೋಲೀಸ್ ಸುಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ.